ಮಳೆಯೂರಿನ ಮನೆಗೊಂದು ನೆನಪಿನ ಪೆಟ್ಟಿಗೆ: ರಟ್ಟು, ಕಾಗದ, ಗೋಂದಿನಲ್ಲಿ ಮಾಡುವ ಬಗೆ

ಅಜ್ಜಿಯ ತಗಡಿನ ಟ್ರಂಕನ್ನು ನಾವು ತೆಗೆದದ್ದು ಒಂದು ಮಳೆಗಾಲ ಕಳೆದ ಮೇಲೆ. ಅಜ್ಜ ಬರೆದ ಇನ್‌ಲ್ಯಾಂಡ್ ಪತ್ರಗಳು ಅದರ ತಳದಲ್ಲಿದ್ದವು. ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿದ್ದವು. ಬಿಡಿಸಲು ಹೋದರೆ ಕಾಗದ ಪದರ ಪದರವಾಗಿ ಕಿತ್ತು ಬಂತು. ನೀಲಿ ಶಾಯಿ ಹರಡಿ ಮೋಡದ ಹಾಗಾಗಿತ್ತು. ಒಂದು ಪತ್ರದಲ್ಲಿ ‘ಉಭಯ ಕುಶಲೋಪರಿ’ ಅನ್ನುವಷ್ಟು ಮಾತ್ರ ಓದಲು ಬಂತು. ಮುಂದಿನದು ಏನೂ ಉಳಿದಿರಲಿಲ್ಲ.

ಆ ದಿನದಿಂದ ನಾನು ಪೆಟ್ಟಿಗೆ ಮಾಡಲು ಕಲಿತೆ. ಕಾಗದದ ಕೆಲಸ ಮೊದಲೂ ಬರುತ್ತಿತ್ತು. ಹೂವು, ಗ್ರೀಟಿಂಗ್ ಕಾರ್ಡ್, ತೋರಣ ಇತ್ಯಾದಿ. ಆದರೆ ಪೆಟ್ಟಿಗೆಯ ವಿಷಯ ಬೇರೆ. ಅಂತರ್ಜಾಲದಲ್ಲಿ ಸಿಗುವ ವಿಧಾನಗಳು ಹೆಚ್ಚಾಗಿ ಒಣ ಊರಿನವರು ಬರೆದವು. ಅವನ್ನೇ ನೋಡಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪೆಟ್ಟಿಗೆ ಮಾಡಿದರೆ ಆರಿದ್ರಾ ಮಳೆ ಬರುವಷ್ಟರಲ್ಲಿ ಮುಚ್ಚಳ ಸೊಟ್ಟಗಾಗುತ್ತದೆ, ಗೋಂದಿಗೆ ಬೂಸ್ಟು ಬರುತ್ತದೆ. ಹಾಗಾಗಿ ಇಲ್ಲಿ ಅಲಂಕಾರಕ್ಕಿಂತ ಮೊದಲು ಮಳೆಯ ಲೆಕ್ಕ ಹೇಳುತ್ತೇನೆ. ಅಲಂಕಾರದ ಮಾತು ಆಮೇಲೆ ಬರುತ್ತದೆ, ಅದೂ ಬೇಕಾದಷ್ಟು.

ಮೊದಲು ಒಳಗಿಡುವ ವಸ್ತು ನೋಡಿ

ಪೆಟ್ಟಿಗೆ ಮಾಡಿ ಆಮೇಲೆ ಅದರಲ್ಲಿ ಏನಿಡುವುದು ಅಂತ ಯೋಚಿಸಬೇಡಿ. ಇಡುವುದನ್ನೆಲ್ಲ ಒಂದು ಬಿಳಿ ಬಟ್ಟೆಯ ಮೇಲೆ ಹರಡಿಕೊಳ್ಳಿ. ಹಳೆಯ ಫೋಟೊ, ಪತ್ರ, ಮದುವೆಯ ಕರೆಯೋಲೆ, ಮಗುವಿನ ಮೊದಲ ಉಡಿದಾರ, ಅಮ್ಮನ ಕೈಬರಹದ ಅಡುಗೆ ಚೀಟಿ, ಏನೇ ಇರಲಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಅಂತ ಅಳೆಯಿರಿ. ಅದರ ಉದ್ದ ಅಗಲಕ್ಕೆ 2 ಸೆಂಟಿಮೀಟರ್ ಸೇರಿಸಿದರೆ ಪೆಟ್ಟಿಗೆಯ ಒಳ ಅಳತೆ ಸಿಕ್ಕಿತು. ಪತ್ರವನ್ನು ಮಡಚಿ ತುರುಕುವ ಪರಿಸ್ಥಿತಿ ಬರಬಾರದು. ಮಡಚಿದ ಗೆರೆಯಲ್ಲೇ ಕಾಗದ ಮೊದಲು ಹರಿಯುವುದು.

ಸುಮ್ನೆ ಉದಾಹರಣೆಗೆ ಅಂತ ನಾನು 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರದ ಪೆಟ್ಟಿಗೆಯ ಲೆಕ್ಕ ಕೊಡುತ್ತೇನೆ. ಪೋಸ್ಟ್‌ಕಾರ್ಡ್ ಅಳತೆಯ ಫೋಟೊ, ಮೊದಲೇ ಮಡಚಿದ್ದ ಪತ್ರ, ಸಣ್ಣಪುಟ್ಟ ಒಡವೆ ಇಡಲು ಇದು ಸರಿಯಾಗುತ್ತದೆ.

ಸಾಮಾನು

ರಟ್ಟು ಮುಖ್ಯ. ಸಾಮಾನು ತುಂಬಿ ಬರುವ ಅಂಗಡಿ ಡಬ್ಬದ ಅಲೆಅಲೆ ರಟ್ಟು ಇದಕ್ಕೆ ಬೇಡ. ಅದರ ಪದರಗಳ ನಡುವೆ ತೇವವೂ ಹುಳವೂ ಸುಲಭವಾಗಿ ಸೇರುತ್ತವೆ. ಪುಸ್ತಕ ಬೈಂಡಿಂಗ್ ಮಾಡುವವರು ಬಳಸುವ 2 ಮಿ.ಮೀ. ದಪ್ಪದ ಗಟ್ಟಿ ರಟ್ಟು ತನ್ನಿ. ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಹೋದಾಗ ಸ್ಟೇಷನರಿ ಅಂಗಡಿಯಲ್ಲಿ ‘ಬೈಂಡಿಂಗ್ ರಟ್ಟು’ ಅಂತ ಕೇಳಿ. ಇಲ್ಲದಿದ್ದರೆ ನಿಮ್ಮೂರಿನ ಪ್ರೆಸ್ಸಿನವರನ್ನು ಕೇಳಿ, ಅವರ ಹತ್ತಿರ ತುಂಡುಗಳು ಇದ್ದೇ ಇರುತ್ತವೆ. ಇಡೀ ಪೆಟ್ಟಿಗೆಗೆ 42 × 59 ಸೆಂ.ಮೀ. ಹಾಳೆ ಒಂದು ಸಾಕು, ಅದರಲ್ಲಿಯೂ ಮಿಕ್ಕುತ್ತದೆ.

ಹೊದಿಸಲು ಕೈಕಾಗದ, ಅಂದರೆ ಹ್ಯಾಂಡ್‌ಮೇಡ್ ಪೇಪರ್, ನನ್ನ ಮೊದಲ ಆಯ್ಕೆ. ಹತ್ತಿ ಬಟ್ಟೆಯ ಚೂರಿನಿಂದ ಮಾಡಿದ ಈ ಕಾಗದ ಮೂಲೆಯಲ್ಲಿ ಮಡಚಿದರೆ ಒಡೆಯುವುದಿಲ್ಲ. 120ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಸಾಕು. ಅದಕ್ಕಿಂತ ದಪ್ಪದ್ದು ಮೂಲೆಯಲ್ಲಿ ಗಂಟು ಕಟ್ಟುತ್ತದೆ. ನ್ಯೂಸ್‌ಪೇಪರನ್ನು ಮಾತ್ರ ಪೆಟ್ಟಿಗೆಯ ಒಳಗೆ ಎಲ್ಲಿಯೂ ಅಂಟಿಸಬೇಡಿ. ಮರದ ತಿರುಳಿನಲ್ಲಿರುವ ಲಿಗ್ನಿನ್ ಅನ್ನುವ ಅಂಶ ಅದರಲ್ಲಿ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗಿ ಆಮ್ಲ ಬಿಡುತ್ತದೆ. ಪಕ್ಕದಲ್ಲಿರುವ ಫೋಟೊ, ಪತ್ರಕ್ಕೂ ಆ ಹಳದಿ ದಾಟುತ್ತದೆ.

ಉಳಿದದ್ದು ಮನೆಯಲ್ಲೇ ಸಿಗುತ್ತದೆ. ಪೇಪರ್ ಕಟರ್, ಸ್ಟೀಲ್ ಸ್ಕೇಲು, ಬಡಗಿಯ ಮೂಲೆಮಟ್ಟ ಅಥವಾ ಮಕ್ಕಳ ಜಾಮಿಟ್ರಿ ಬಾಕ್ಸಿನ ಸೆಟ್‌ಸ್ಕ್ವೇರ್, ಅಗಲ ಬ್ರಶ್ ಒಂದು, ಕಾಗದ ತಿಕ್ಕಿ ಕೂರಿಸಲು ಸ್ಟೀಲ್ ಚಮಚ. ಭಾರ ಇಡಲು ದಪ್ಪ ಪುಸ್ತಕ ಇಲ್ಲವೇ ಹಲಗೆ ಮತ್ತು ಗುಂಡುಕಲ್ಲು.

ಗೋಂದಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು

ಮೈದಾ ಅಂಟು ಕಾಗದಕ್ಕೆ ಬಹಳ ಒಳ್ಳೆಯದು. ಮೆಲ್ಲಗೆ ಒಣಗುತ್ತದೆ, ತಪ್ಪಿದರೆ ಸರಿಸಿ ಮತ್ತೆ ಕೂರಿಸಬಹುದು. 50 ಗ್ರಾಂ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಒಟ್ಟು 300 ಮಿಲಿಲೀಟರ್ ನೀರು ಆಗುವಂತೆ ನೋಡಿಕೊಂಡು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಪಾರದರ್ಶಕ ಆದಾಗ ಇಳಿಸಿ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ.

ಆದರೆ ಮೈದಾ ಅಂದರೆ ಹಿಟ್ಟು. ಮಳೆಗಾಲದಲ್ಲಿ ಎರಡೇ ದಿನಕ್ಕೆ ಹುಳಿವಾಸನೆ ಬರುತ್ತದೆ. ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಸಣ್ಣ ಹುಳ ಇದೆಯಲ್ಲ, ಅದು ಹುಡುಕಿಕೊಂಡು ಬರುವುದೂ ಈ ಹಿಟ್ಟನ್ನೇ. ಹಿಂದಿನ ಬೈಂಡಿಂಗಿನವರು ಇದಕ್ಕೆ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಹಾಕುತ್ತಿದ್ದರು. ಅಡಿಕೆ ತೋಟದ ಮನೆಯಲ್ಲಿ ಮೈಲುತುತ್ತಕ್ಕೇನು ಬರ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದದ್ದು ಮೂಲೆಯಲ್ಲಿ ಇದ್ದೇ ಇರುತ್ತದೆ. ಹಾಗಂತ ಅದನ್ನು ಅಂಟಿಗೆ ಬೆರೆಸಬೇಡಿ ಅಂತಲೇ ನಾನು ಹೇಳುವುದು. ಅದು ವಿಷ, ಪೆಟ್ಟಿಗೆ ಮಕ್ಕಳ ಕೈಗೆ ಹೋಗುವ ವಸ್ತು. ಮೇಲಾಗಿ ಅದರಲ್ಲಿರುವ ತಾಮ್ರ ವರ್ಷ ಕಳೆದಂತೆ ಕಾಗದವನ್ನು ಕಂದಿಸಿ ಪುಡಿಯಾಗಿಸುತ್ತದೆ. ಲೆಕ್ಕದ ಪುಸ್ತಕಕ್ಕೆ ಅದು ನಡೆದೀತು, ಅಮ್ಮನ ಕೈಬರಹಕ್ಕೆ ಬೇಡ.

ನಾನು ಮಾಡುವುದು ಹೀಗೆ. ರಟ್ಟಿಗೆ ರಟ್ಟು ಕೂಡಿಸಲು ಫೆವಿಕಾಲ್ ಮಾತ್ರ. ಹೊದಿಕೆಯ ಕಾಗದಕ್ಕೆ ಮೂರು ಪಾಲು ಫೆವಿಕಾಲ್, ಒಂದು ಪಾಲು ಮೈದಾ ಅಂಟು, ಅದೂ ದೀಪಾವಳಿಯಿಂದ ಯುಗಾದಿಯ ಒಳಗೆ ಮಾಡುವುದಾದರೆ. ಮಳೆಗಾಲದಲ್ಲಿ ಮಾಡಲೇಬೇಕಾಗಿ ಬಂದರೆ ಮೈದಾ ಬಿಟ್ಟು ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಬಳಸುತ್ತೇನೆ. ಆಗ ಕೈ ಚುರುಕಾಗಿರಬೇಕು, ಬೇಗ ಹಿಡಿದುಕೊಳ್ಳುತ್ತದೆ.

ರಟ್ಟು ಕತ್ತರಿಸುವುದು

ಪೆಟ್ಟಿಗೆಗೆ ಐದು ತುಂಡು ಬೇಕು. ತಳಕ್ಕೆ 20 × 15 ಸೆಂ.ಮೀ. ಒಂದು. ಉದ್ದ ಗೋಡೆಗೆ 20 × 7 ಎರಡು. ಗಿಡ್ಡ ಗೋಡೆಗೆ 14.6 × 7 ಎರಡು. ಗಿಡ್ಡ ಗೋಡೆ 15 ಯಾಕಲ್ಲ ಅಂತ ಕೇಳಬಹುದು. ಅದು ಎರಡು ಉದ್ದ ಗೋಡೆಗಳ ನಡುವೆ ಕೂರುತ್ತದೆ. ಒಂದೊಂದರ ದಪ್ಪ 2 ಮಿ.ಮೀ., ಎರಡೂ ಸೇರಿ 4 ಮಿ.ಮೀ. ಕಳೆಯಬೇಕು. ನೀವು ಬೇರೆ ದಪ್ಪದ ರಟ್ಟು ತಂದರೆ ಈ ಲೆಕ್ಕವನ್ನೂ ಬದಲಿಸಿ.

ಮುಚ್ಚಳಕ್ಕೂ ಐದೇ ತುಂಡು. ಮೇಲ್ಭಾಗಕ್ಕೆ 20.7 × 15.7 ಒಂದು, ಉದ್ದ ಅಂಚಿಗೆ 20.7 × 3 ಎರಡು, ಗಿಡ್ಡ ಅಂಚಿಗೆ 15.3 × 3 ಎರಡು. ಹೀಗೆ ಮಾಡಿದರೆ ಮುಚ್ಚಳದ ಒಳ ಅಳತೆ ಪೆಟ್ಟಿಗೆಗಿಂತ ಉದ್ದಕ್ಕೂ ಅಗಲಕ್ಕೂ 3 ಮಿ.ಮೀ. ದೊಡ್ಡದಿರುತ್ತದೆ.

ಈ 3 ಮಿಲಿಮೀಟರಿನ ಪಾಠ ನನಗೆ ಅತ್ತೆಯ ಮನೆಯಲ್ಲಿ ಸಿಕ್ಕಿತು. ನನ್ನ ಮೊದಲ ಪೆಟ್ಟಿಗೆಯನ್ನು 1 ಮಿ.ಮೀ. ಬಿಟ್ಟು ಮಾಡಿದ್ದೆ. ಬೇಸಿಗೆಯಲ್ಲಿ ಎಷ್ಟು ಚಂದ ಕೂತಿತ್ತು ಅಂದರೆ ಮುಚ್ಚಳ ಬಿಟ್ಟರೆ ಗಾಳಿಯನ್ನು ತಳ್ಳಿಕೊಂಡು ಮೆಲ್ಲಗೆ ಇಳಿಯುತ್ತಿತ್ತು. ಹೆಮ್ಮೆಯಿಂದ ಅತ್ತೆಗೆ ಕೊಟ್ಟು ಬಂದೆ. ಜುಲೈಯಲ್ಲಿ ಫೋನು ಬಂತು. “ಡಬ್ಬಿ ಚಂದ ಇದೆ ಮಾರಾಯ್ತಿ, ಆದ್ರೆ ಮುಚ್ಚಳ ತೆಗೆಯೋಕೇ ಬರ್ತಿಲ್ಲ. ಮಾವ ಚಾಕು ಹಾಕ್ತೀನಿ ಅಂತಿದ್ದಾರೆ, ಬೇಡ ಅಂದೆ.” ರಟ್ಟು ತೇವ ಕುಡಿದು ಉಬ್ಬಿತ್ತು. ಅದರೊಳಗಿನ ಫೋಟೊ ನೋಡಲು ಅತ್ತೆ ನವರಾತ್ರಿಯವರೆಗೆ ಕಾಯಬೇಕಾಯಿತು. ಹೊದಿಕೆಗೆ ಕಾಗದದ ಬದಲು ಬಟ್ಟೆ ಬಳಸುವುದಾದರೆ 3ರ ಬದಲು 5 ಮಿ.ಮೀ. ಬಿಡಿ.

ಕತ್ತರಿಸುವಾಗ ಒಂದೇ ಏಟಿಗೆ ಒತ್ತಬೇಡಿ. ಸ್ಕೇಲನ್ನು ಗಟ್ಟಿಯಾಗಿ ಹಿಡಿದು ಹಗುರವಾಗಿ ಎಂಟು ಹತ್ತು ಸಲ ಎಳೆಯಿರಿ. ಮೊದಲ ಎರಡು ಎಳೆತ ಬರೀ ದಾರಿ ಮಾಡಿಕೊಡುತ್ತದೆ, ಆಮೇಲಿನದು ತಾನಾಗಿ ಅದೇ ಸಾಲಿನಲ್ಲಿ ಹೋಗುತ್ತದೆ. ಬ್ಲೇಡಿನ ತುದಿ ಮೊಂಡಾದ ಕೂಡಲೇ ಮುರಿದು ಹೊಸ ತುದಿ ತನ್ನಿ. ಕೈ ಕೊಯ್ದುಕೊಳ್ಳುವುದು ಮೊಂಡು ಬ್ಲೇಡಿನಿಂದಲೇ ಜಾಸ್ತಿ, ಯಾಕಂದರೆ ಅದಕ್ಕೆ ಬಲ ಹಾಕುತ್ತೇವೆ. ಹೆಬ್ಬೆರಳು ಸ್ಕೇಲಿನ ಅಂಚಿನಿಂದ ಹಿಂದೆಯೇ ಇರಲಿ.

ಕೂಡಿಸುವುದು

ತಳದ ರಟ್ಟನ್ನು ಮೇಜಿನ ಮೇಲಿಡಿ. ಗೋಡೆಗಳು ಅದರ ಮೇಲೆ ಕೂರಬೇಕು, ಪಕ್ಕದಲ್ಲಲ್ಲ. ಒಂದು ಉದ್ದ ಗೋಡೆಯ ಕೆಳ ಅಂಚಿಗೆ ಫೆವಿಕಾಲ್‌ನ ಸಣ್ಣ ಗೆರೆ ಎಳೆದು ತಳದ ಅಂಚಿಗೆ ಸರಿಯಾಗಿ ನಿಲ್ಲಿಸಿ, ಮೂಲೆಮಟ್ಟ ಆನಿಸಿ ನೋಡಿ. ಎರಡು ನಿಮಿಷ ಕೈಯಲ್ಲೇ ಹಿಡಿದರೆ ನಿಲ್ಲುತ್ತದೆ. ಆಮೇಲೆ ಒಂದು ಗಿಡ್ಡ ಗೋಡೆ, ಮತ್ತೆ ಉದ್ದದ್ದು, ಕೊನೆಗೆ ಇನ್ನೊಂದು ಗಿಡ್ಡದು. ಒಳಮೂಲೆಗಳಿಗೆ ಬೆರಳಲ್ಲಿ ಫೆವಿಕಾಲ್ ಸವರಿ. ಹೊರಗಿನಿಂದ ಕಾಗದದ ಟೇಪು ಅಂಟಿಸಿ ಹಿಡಿಸಿದರೆ ಒಣಗುವ ತನಕ ಅಲುಗುವುದಿಲ್ಲ. ಮುಚ್ಚಳವನ್ನೂ ಹೀಗೇ ಮಾಡಿ.

ಚಳಿಗಾಲದಲ್ಲಿ ಒಂದು ರಾತ್ರಿ ಬಿಟ್ಟರೆ ಸಾಕು. ಮಳೆಗಾಲದಲ್ಲಿ ಎರಡು ದಿನ ಬೇಕು. ಬೇಗ ಒಣಗಲಿ ಅಂತ ಒಲೆಯ ಬುಡಕ್ಕೆ ಇಡಬೇಡಿ. ಒಂದು ಬದಿ ಬೇಗ ಒಣಗಿ ರಟ್ಟು ತಿರುಚಿಕೊಳ್ಳುತ್ತದೆ.

ಹೊದಿಕೆ, ಒಳಗೂ ಹೊರಗೂ

ಬಹಳ ಜನ ತಪ್ಪುವುದು ಇಲ್ಲಿ. ಹೊರಗೆ ಚಂದದ ಕಾಗದ ಅಂಟಿಸಿ ಒಳಗೆ ಹಾಗೇ ಬಿಡುತ್ತಾರೆ. ಗೋಂದು ಹಚ್ಚಿದ ಕಾಗದ ಮೊದಲು ಹಿಗ್ಗುತ್ತದೆ, ಅಂಟಿ ಒಣಗುವಾಗ ಕುಗ್ಗುತ್ತದೆ. ಕುಗ್ಗುವಾಗ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದೇ ಬದಿಗೆ ಕಾಗದ ಇದ್ದರೆ ಗೋಡೆ ಆ ಬದಿಗೆ ಬಾಗಿ ಹಪ್ಪಳದ ಹಾಗೆ ಆಗುತ್ತದೆ. ಇನ್ನೊಂದು ಬದಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಿದರೆ ಎಳೆತ ಸಮ ಆಗಿ ಗೋಡೆ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ಒಳಗಿನ ಕಾಗದ ಬರೀ ಅಂದಕ್ಕಲ್ಲ, ಪೆಟ್ಟಿಗೆ ನಿಲ್ಲುವುದೇ ಅದರಿಂದ.

ಹೊರಗೋಡೆಗೆ 36.5 × 10.5 ಸೆಂ.ಮೀ. ಪಟ್ಟಿ ಎರಡು ಕತ್ತರಿಸಿ. ಒಂದು ಪಟ್ಟಿ ಒಂದು ಉದ್ದ, ಒಂದು ಗಿಡ್ಡ ಗೋಡೆಯನ್ನು ಸುತ್ತಿ 1.5 ಸೆಂ.ಮೀ. ಮುಂದಕ್ಕೆ ಬರುತ್ತದೆ. ಇನ್ನೊಂದು ಉಳಿದೆರಡನ್ನು ಮುಚ್ಚುತ್ತದೆ. ಪಟ್ಟಿಯ ಹಿಂಬದಿಗೆ ನಡುವಿನಿಂದ ಅಂಚಿನ ಕಡೆಗೆ ಅಂಟು ಬಳಿಯಿರಿ. ಬಳಿದ ಕೂಡಲೇ ಅಂಟಿಸಬೇಡಿ. ಒಂದು ನಿಮಿಷ ಬಿಡಿ, ಕಾಗದ ಹಿಗ್ಗಿ ಮೆತ್ತಗಾಗಲಿ. ಆಗ ಗುಳ್ಳೆ ಏಳುವುದಿಲ್ಲ. ಕೆಳಗೆ 1.5 ಸೆಂ.ಮೀ. ತಳಕ್ಕೆ ಮಡಚಲು ಬಿಟ್ಟು, ಗೋಡೆಗೆ ಕೂರಿಸಿ, ಒಂದು ತೆಳು ಬಟ್ಟೆ ಮೇಲಿಟ್ಟು ಚಮಚದ ಬೆನ್ನಿನಿಂದ ತಿಕ್ಕಿ. ಮೇಲೆ ಉಳಿದದ್ದನ್ನು ಮೂಲೆಗಳಲ್ಲಿ ನೇರ ಸೀಳಿ ಒಳಗೆ ಮಡಚಿ. ತಳದ ಮೂಲೆಗಳಲ್ಲಿ ಸಣ್ಣ ತ್ರಿಕೋನ ಕತ್ತರಿಸಿ ತೆಗೆದು ಮಡಚಿದರೆ ದಪ್ಪ ಆಗುವುದಿಲ್ಲ. ಆಮೇಲೆ ತಳದ ಹೊರಬದಿಗೆ 19.6 × 14.6 ಅಳತೆಯ ಕಾಗದ ಅಂಟಿಸಿ.

ಒಳಗಡೆಗೆ ಬಿಳಿ ಅಥವಾ ಕೆನೆ ಬಣ್ಣದ ಕಾಗದವೇ ಇರಲಿ. ಗಾಢ ಬಣ್ಣದ ಕಾಗದ ತೇವಕ್ಕೆ ಬಣ್ಣ ಬಿಟ್ಟರೆ ಪತ್ರಕ್ಕೆ ಹತ್ತುತ್ತದೆ. ಉದ್ದ ಗೋಡೆಗೆ 20.6 × 7.7 ಎರಡು, ಗಿಡ್ಡ ಗೋಡೆಗೆ 14.4 × 7.7 ಎರಡು. ಉದ್ದದ ಪಟ್ಟಿ ಮೂಲೆಯಲ್ಲಿ ಅರ್ಧ ಸೆಂಟಿಮೀಟರ್ ಪಕ್ಕದ ಗೋಡೆಗೆ ತಿರುಗಲಿ. ಪ್ರತಿಯೊಂದೂ ಕೆಳಗೆ 1 ಸೆಂ.ಮೀ. ತಳಕ್ಕೆ ಕಾಲು ಚಾಚಲಿ. ಮೇಲೆ 3 ಮಿ.ಮೀ. ಖಾಲಿ ಉಳಿಯುತ್ತದೆ, ಅಲ್ಲಿ ಹೊರಗಿನ ಕಾಗದದ ಅಂಚು ಸಣ್ಣ ಕಟ್ಟಿನ ಹಾಗೆ ಕಾಣಿಸುತ್ತದೆ. ಕೊನೆಗೆ 19.4 × 14.4 ಹಾಳೆ ತಳಕ್ಕೆ ಅಂಟಿಸಿದರೆ ಎಲ್ಲ ಕಾಲುಗಳೂ ಅದರಡಿ ಮುಚ್ಚಿ ಹೋಗುತ್ತವೆ.

ಮುಚ್ಚಳಕ್ಕೆ ಒಂದೇ ಹಾಳೆ, 34 × 29 ಸೆಂ.ಮೀ. ನಡುವೆ ಮುಚ್ಚಳವನ್ನು ಬೋರಲು ಇಟ್ಟು ಗೆರೆ ಹಾಕಿಕೊಳ್ಳಿ. ನಾಲ್ಕು ಮೂಲೆಯ ಚೌಕ ಕತ್ತರಿಸಿ ತೆಗೆಯಿರಿ, ಆದರೆ ಉದ್ದ ಬದಿಗೆ ಸೇರಿದ ಹಾಗೆ 1 ಸೆಂ.ಮೀ. ಕಿವಿ ಉಳಿಸಿಕೊಳ್ಳಿ. ಮೊದಲು ಉದ್ದ ಬದಿ ಎತ್ತಿ ಅಂಟಿಸಿ, ಕಿವಿಯನ್ನು ಮೂಲೆ ಸುತ್ತಿ ಗಿಡ್ಡ ಬದಿಗೆ ಮಡಚಿ, ಅದರ ಮೇಲೆ ಗಿಡ್ಡ ಬದಿಯ ಕಾಗದ ತನ್ನಿ. ಉಳಿದ ಅಂಚು ಒಳಗೆ ಹೋಗುತ್ತದೆ. ಮುಚ್ಚಳದ ಒಳಬದಿಗೆ 20.1 × 15.1 ಬಿಳಿ ಹಾಳೆ.

ಮುಚ್ಚಳವನ್ನು ಹಲಗೆಯ ಮೇಲೆ ಬೋರಲು ಇಟ್ಟು, ಒಳಗೆ ಹಿಡಿಯುವಷ್ಟು ಪುಸ್ತಕ ಜೋಡಿಸಿ ಭಾರ ಇಡಿ. ಪೂರ್ತಿ ಒಣಗುವ ತನಕ ಮುಚ್ಚಳವನ್ನು ಪೆಟ್ಟಿಗೆಗೆ ಹಾಕಬೇಡಿ. ಹಾಕಿದರೆ ಒಳಗಿನ ತೇವ ಅಲ್ಲೇ ಉಳಿದು ವಾರದಲ್ಲಿ ಕಪ್ಪು ಚುಕ್ಕೆ ಕಾಣಿಸುತ್ತದೆ. ಹೊರಗಡೆ ಕೈಗೆ ಒಣಗಿದ ಹಾಗೆ ಅನಿಸಿದರೂ ಬೇಸಿಗೆಯಲ್ಲಿ ನಾಲ್ಕು ದಿನ ತೆರೆದಿಡಿ.

ಇನ್ನೊಂದು ಕೆಲಸ, ಕಾಲು. ಮಳೆಗಾಲದಲ್ಲಿ ನಮ್ಮ ಮನೆಗಳ ನೆಲ ಬೆವರುತ್ತದೆ, ಗೋಡೆಯೂ ಬೆವರುತ್ತದೆ. ಪೆಟ್ಟಿಗೆಯ ತಳ ಎಲ್ಲಿಯೂ ನೇರ ತಾಗಬಾರದು. ಮಿಕ್ಕ ರಟ್ಟಿನಲ್ಲಿ 2 ಸೆಂ.ಮೀ. ಚೌಕ ಹನ್ನೆರಡು ಕತ್ತರಿಸಿ, ಮೂರು ಮೂರು ಒಂದರ ಮೇಲೊಂದು ಅಂಟಿಸಿ, ಕಾಗದ ಹೊದಿಸಿ, ನಾಲ್ಕು ಮೂಲೆಗೆ ಕೂರಿಸಿ. ಕಾಲುಗಳಿಗೂ ತಳದ ಅಂಚಿಗೂ ಜೇನುಮೇಣವನ್ನು ಹಗುರವಾಗಿ ಉಜ್ಜಿ ಹತ್ತಿ ಬಟ್ಟೆಯಲ್ಲಿ ತಿಕ್ಕಿದರೆ ನೀರಿನ ಹನಿ ಬೇಗ ಇಳಿಯುವುದಿಲ್ಲ.

ಅಲಂಕಾರ: ಎಳೆ

ಈಗ ಖುಷಿಯ ಕೆಲಸ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಅಲಂಕಾರದ ದೊಡ್ಡ ಪಾಠಶಾಲೆ ಇದೆ, ದೀವರು ಅನ್ನುವ ಸಮುದಾಯದವರ ಮನೆಗಳ ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರೆ. ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಬಿಳಿ ಎಳೆ. ಬುಟ್ಟಿಗೆ ಒಪ್ಪಿದ್ದು ಪೆಟ್ಟಿಗೆಗೆ ಒಪ್ಪದೇ ಇರುತ್ತದಾ?

ನಾನು ಅದನ್ನು ಬಣ್ಣದಲ್ಲಿ ಬರೆಯುವುದಿಲ್ಲ, ಕಾಗದದಲ್ಲಿ ಕೂರಿಸುತ್ತೇನೆ. ಕೆಮ್ಮಣ್ಣಿನ ಬಣ್ಣದ ಕೈಕಾಗದ ಹೊದಿಸಿದ ಮುಚ್ಚಳ. ಅದರ ಮೇಲೆ 120 ಜಿಎಸ್‌ಎಂ ಬಿಳಿ ಕಾಗದದಿಂದ ಕತ್ತರಿಸಿದ 2 ಮಿ.ಮೀ. ಅಗಲದ ಪಟ್ಟಿಗಳು. ಮೊದಲು ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ತೀರಾ ಹಗುರವಾಗಿ 1 ಸೆಂ.ಮೀ. ಚೌಕಗಳ ಗೆರೆ ಹಾಕಿ. ಅಂಚಿನಿಂದ 1 ಸೆಂ.ಮೀ. ಒಳಗೆ ಒಂದು ಬಿಳಿ ಎಳೆ ಸುತ್ತ ಬರಲಿ. ಅದರಿಂದ 1 ಸೆಂ.ಮೀ. ಒಳಗೆ ಇನ್ನೊಂದು. ಎರಡರ ನಡುವೆ ಓರೆ ತುಂಡುಗಳನ್ನು ಇಟ್ಟು ತ್ರಿಕೋನದ ಸಾಲು ಮಾಡಿ.

ಪಟ್ಟಿ ಅಂಟಿಸುವ ರೀತಿ ಹೇಳುತ್ತೇನೆ. ಪಟ್ಟಿಗೆ ಗೋಂದು ಹಚ್ಚಿದರೆ ಬೆರಳಿಗೆಲ್ಲ ಮೆತ್ತಿ ಕೆಮ್ಮಣ್ಣಿನ ಕಾಗದದ ಮೇಲೆ ಹೊಳೆಯುವ ಕಲೆ ಉಳಿಯುತ್ತದೆ. ಅದರ ಬದಲು ಒಂದು ಗಾಜಿನ ತುಂಡಿನ ಮೇಲೆ ಫೆವಿಕಾಲ್ ತೆಳ್ಳಗೆ ಹರಡಿ. ಪಟ್ಟಿಯ ಒಂದು ತುದಿಯನ್ನು ಚಿಮ್ಮಟದಲ್ಲಿ ಹಿಡಿದು ಅದರ ಮೇಲೆ ಇಳಿಸಿ, ಎತ್ತಿ, ನೇರ ಮುಚ್ಚಳಕ್ಕೆ ತನ್ನಿ. ಮೊದಲು ಆ ತುದಿ ತಾಗಲಿ, ಸ್ಕೇಲಿನ ಅಂಚಿಗೆ ಸರಿಯಾಗಿ ಉಳಿದದ್ದು ತಾನೇ ಮಲಗುತ್ತದೆ. ಒಂದು ಸಲ ಒತ್ತಿ, ಕೈ ತೆಗೆಯಿರಿ. ಮತ್ತೆ ಮತ್ತೆ ಮುಟ್ಟಬೇಡಿ. ಎರಡು ಪಟ್ಟಿ ಸೇರುವಲ್ಲಿ ಒಂದರ ಮೇಲೊಂದು ಹತ್ತಿಸದೆ ತುದಿಗೆ ತುದಿ ಕೂರಿಸಿದರೆ ಬರೆದ ಗೆರೆಯ ಹಾಗೇ ಕಾಣುತ್ತದೆ. ಒಂದು ಮುಚ್ಚಳಕ್ಕೆ ನನಗೆ ಮೂರು ಸಂಜೆ ಬೇಕು.

ಮದುವೆ ಮನೆಯ ಹಸೆ ಗೋಡೆಯ ಪೂರ್ತಿ ಚಿತ್ತಾರವನ್ನು ಪೆಟ್ಟಿಗೆಗೆ ಇಳಿಸಲು ನನಗೆ ಮನಸ್ಸಿಲ್ಲ. ಅದಕ್ಕೆ ಅದರದೇ ಜಾಗ, ಅದರದೇ ಹಾಡು ಇದೆ. ಅಂಚಿನ ಒಂದೆರಡು ಎಳೆ ತಂದುಕೊಂಡರೆ ಸಾಕು. ನೀವು ಮಾಡಿದ್ದನ್ನು ಮಾರುವುದಾದರೆ ಇದು ದೀವರ ಹೆಣ್ಣುಮಕ್ಕಳ ಕಲೆಯಿಂದ ಬಂದದ್ದು ಅಂತ ಒಂದು ಚೀಟಿಯಲ್ಲಿ ಬರೆದು ಒಳಗಿಡಿ.

ಅಲಂಕಾರ: ಜರಿಗಿಡದ ಸುರುಳಿ

ಮೊದಲ ಮಳೆ ಬಿದ್ದ ಮೇಲೆ ದರೆಯ ಮೇಲೆ ಜರಿಗಿಡದ ಚಿಗುರು ಏಳುವುದನ್ನು ನೋಡಿದ್ದೀರಲ್ಲ? ತುದಿ ಒಳಕ್ಕೆ ಸುತ್ತಿಕೊಂಡು ಕೂತಿರುತ್ತದೆ. ಕಾಗದದ ಪಟ್ಟಿ ಸುತ್ತಿ ಮಾಡುವ ಅಲಂಕಾರ, ಕ್ವಿಲ್ಲಿಂಗ್ ಅಂದರೆ ಹೆಚ್ಚು ಕಡಿಮೆ ಅದೇ. 3 ಮಿ.ಮೀ. ಅಗಲ, 20 ಸೆಂ.ಮೀ. ಉದ್ದದ ಹಸಿರು ಪಟ್ಟಿ ತೆಗೆದುಕೊಳ್ಳಿ. ಸೂಜಿ ಕೊಳ್ಳಬೇಕಾಗಿಲ್ಲ. ಊದುಬತ್ತಿಯ ಖಾಲಿ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಅರ್ಧ ಸೆಂಟಿಮೀಟರ್ ಸೀಳಿ, ಪಟ್ಟಿಯ ತುದಿಯನ್ನು ಆ ಸೀಳಿಗೆ ಸಿಕ್ಕಿಸಿ ತಿರುಗಿಸಿ. ಪೂರ್ತಿ ಸುತ್ತಬೇಡಿ, ಮುಕ್ಕಾಲು ಸುತ್ತಿ ಬಿಟ್ಟುಬಿಡಿ. ಕಡ್ಡಿ ತೆಗೆದ ಕೂಡಲೇ ಸುರುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಉಳಿದ ಕಾಲು ಭಾಗ ದಂಟಾಗುತ್ತದೆ. ದೊಡ್ಡದು, ಸಣ್ಣದು ಅಂತ ಏಳೆಂಟು ಮಾಡಿ ಒಂದು ದಂಟಿಗೆ ಎಡಬಲ ಜೋಡಿಸಿದರೆ ಜರಿಗಿಡ ಸಿದ್ಧ.

ಆದರೆ ಕ್ವಿಲ್ಲಿಂಗ್ ಮುಚ್ಚಳದ ಮೇಲೆ ಎದ್ದು ನಿಲ್ಲುವ ಕೆಲಸ. ಮೇಲೆ ಒಂದು ಪುಸ್ತಕ ಇಟ್ಟರೂ ಜಜ್ಜಿ ಹೋಗುತ್ತದೆ. ಅದಕ್ಕೆ ಚೌಕಟ್ಟು ಕಟ್ಟಿ. ರಟ್ಟಿನಲ್ಲಿ 17 × 12 ಸೆಂ.ಮೀ. ಹೊರ ಅಳತೆ, ಸುತ್ತ 1.5 ಸೆಂ.ಮೀ. ಅಗಲ ಬಿಟ್ಟು ನಡುವೆ 14 × 9 ಕಿಟಕಿ ಕತ್ತರಿಸಿ. ಇಂಥದ್ದು ಎರಡು ಮಾಡಿ ಒಂದರ ಮೇಲೊಂದು ಅಂಟಿಸಿದರೆ 4 ಮಿ.ಮೀ. ಎತ್ತರ ಸಿಗುತ್ತದೆ. ಸುರುಳಿಯ ಎತ್ತರ 3 ಮಿ.ಮೀ. ಮಾತ್ರ. ಈಗ ಮೇಲೆ ಏನಿಟ್ಟರೂ ಭಾರ ಚೌಕಟ್ಟಿಗೆ ಬೀಳುತ್ತದೆ, ಜರಿಗಿಡಕ್ಕಲ್ಲ.

ನಿಜವಾದ ಜರಿ ಎಲೆಯನ್ನೇ ಒಣಗಿಸಿ ಅಂಟಿಸಲೂಬಹುದು. ಚಿಕ್ಕಂದಿನಲ್ಲಿ ಕೈಮೇಲೆ ಒತ್ತಿ ಬಿಳಿ ಅಚ್ಚು ಹಾಕಿಕೊಳ್ಳುತ್ತಿದ್ದ ಜರಿ ಎಲೆ ಒಣಗಿದ ಮೇಲೂ ಚಂದ ಕಾಣುತ್ತದೆ. ದಪ್ಪ ಪುಸ್ತಕದಲ್ಲಿ ಕಾಗದದ ನಡುವೆ ಎರಡು ವಾರ, ಎರಡು ದಿನಕ್ಕೊಮ್ಮೆ ಕಾಗದ ಬದಲಿಸುತ್ತಾ ಒಣಗಿಸಿ. ಸ್ವಲ್ಪ ಹಸಿ ಉಳಿದರೂ ಬೂಸ್ಟು ಅಲ್ಲಿಂದಲೇ ಶುರು. ಇದು ಹೊರಗಿನ ಅಲಂಕಾರ ಮಾತ್ರ. ಒಳಗೆ ಎಲೆ, ಹೂವು ಬೇಡ.

ತುಂಬಿಸುವುದು, ಕಾಯುವುದು

ಗಾಳಿಯ ತೇವ ಶೇ. 65 ದಾಟಿದರೆ ಬೂಸ್ಟಿಗೆ ಹಬ್ಬ. ನಮ್ಮಲ್ಲಿ ಮಳೆಗಾಲದಲ್ಲಿ ಅದು 90 ದಾಟುವುದು ಮಾಮೂಲಿ. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಕಾಣುವ ಆಗುಂಬೆಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಪೆಟ್ಟಿಗೆ ತುಂಬುವ ಕೆಲಸ ಫೆಬ್ರವರಿ, ಮಾರ್ಚಿನ ಒಣ ಮಧ್ಯಾಹ್ನದಲ್ಲಿ ಮಾಡಿ. ಪತ್ರ, ಫೋಟೊಗಳನ್ನು ನೆರಳಿನಲ್ಲಿ ಒಂದು ದಿನ ಹರಡಿ, ಆಮೇಲೆ ಇಡಿ. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ.

ಫೋಟೊಗಳನ್ನು ಒಂದರ ಮೇಲೊಂದು ಹಾಗೇ ಪೇರಿಸಬೇಡಿ. ತೇವಕ್ಕೆ ಅವುಗಳ ಮುಖದ ಪದರ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ನಡುವೆ ಆಸಿಡ್ ಇಲ್ಲದ ಬಿಳಿ ಕಾಗದ ಇಡಿ. ಅದು ಸಿಗದಿದ್ದರೆ ಹಳೆಯ ಬಿಳಿ ಪಂಚೆಯ ತುಂಡು ನಡೆಯುತ್ತದೆ. ಚೆನ್ನಾಗಿ ಒಗೆದಿರಬೇಕು, ಗಂಜಿ ಹಾಕಿರಬಾರದು. ಹರಿದ ಪತ್ರಕ್ಕೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿದರೆ ಅದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ನುಸಿಗುಳಿಗೆಯನ್ನೂ ದೂರ ಇಡಿ. ಹುಳಕ್ಕೆ ಬಜೆ ಬೇರಿನ ಒಂದು ತುಂಡು, ಒಣ ಲಕ್ಕಿ ಸೊಪ್ಪು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಹೊರಗೆ, ಬೀರುವಿನ ಅದೇ ಖಾನೆಯಲ್ಲಿ ಇಡುವುದು ನಮ್ಮ ಮನೆಯ ರೂಢಿ.

ರಟ್ಟಿನ ಪೆಟ್ಟಿಗೆ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಮೇ ಕೊನೆಗೆ, ಮೊದಲ ಮಳೆಗೆ ಮುಂಚೆ, ಇಡೀ ಪೆಟ್ಟಿಗೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಇಳಿಸಿ ಜೊತೆಗೆ ಸಿಲಿಕಾ ಜೆಲ್ ಚೀಲ ಇಡಿ. ತೇವ ಹೀರಿದಾಗ ಬಣ್ಣ ಬದಲಿಸುವ ಜಾತಿಯದ್ದು ತಂದರೆ ಗೊತ್ತಾಗುತ್ತದೆ. ಬಣ್ಣ ಬದಲಾದ ಮೇಲೆ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಡಬ್ಬವನ್ನು ಬೀರುವಿನ ಮೇಲಿನ ಖಾನೆಯಲ್ಲಿ, ಗೋಡೆಗೆ ತಾಗದ ಹಾಗೆ ಇಡಿ.

ದೀಪಾವಳಿಗೆ ಮನೆ ಒರೆಸುವಾಗ ಹೊರಗೆ ತೆಗೆದು, ಮುಚ್ಚಳ ಬಿಚ್ಚಿ, ಒಂದು ಹಗಲು ಗಾಳಿಗೆ ಇಡಿ. ಆಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರತಿ ಫೋಟೊ ಹಿಂದೆ ಯಾರು, ಯಾವ ಊರು, ಯಾವ ವರ್ಷ ಅಂತ ಮೆತ್ತಗಿನ ಪೆನ್ಸಿಲಿನಲ್ಲಿ, ಒತ್ತದೆ, ಅಂಚಿನ ಹತ್ತಿರ ಬರೆಯಿರಿ. ಕಳೆದ ವರ್ಷ ಹಾಗೆ ಕೂತಾಗ ಅತ್ತೆ ಒಂದು ಫೋಟೊ ಎತ್ತಿ ಬಹಳ ಹೊತ್ತು ನೋಡಿದರು. “ಈ ಬಾಗಿಲು ನಮ್ಮ ಹಳೆ ಮನೇದು. ಈ ಪಕ್ಕ ನಿಂತಿರೋದು ನಾನೇ, ಏಳು ವರ್ಷ ಇರ್ಬೇಕು” ಅಂದರು. ಅದನ್ನು ಹಾಗೇ ಬರೆದು, ಪಂಚೆಯ ತುಂಡು ಹೊದಿಸಿ, ಮತ್ತೆ ಒಳಗಿಟ್ಟೆವು.